ಸ್ನಾನದ ಹಂಡೆ ಓಡಿಸಿದವನು

ಈ ಪೀಪಾಯಿ ತಡೆಯುತ್ತದೆಯೇ? ತಣ್ಣೀರು ತುಂಬಿ ಒತ್ತಿ ನೋಡಿದಾಗ ತಡೆದದ್ದು ಹಬೆಗೂ ತಡೆಯಬೇಕೆಂದೇನಿಲ್ಲ. ಸೋರುವ ಕೊಳವೆಗಳಿಗೆಲ್ಲ ಬೆಣೆ ಹೊಡೆದಾಗಿದೆ. ಕಣ್ತಪ್ಪಿದ್ದು ಒಂದು ಉಳಿದಿದ್ದರೆ? ಇಷ್ಟು ವರ್ಷ ತುಕ್ಕು ತಿಂದ ತಗಡು ಬಿರಿದರೆ ತನ್ನ ಕೈ ಹೋಗುತ್ತದೆ. ಹೋಗಲಿ. ಆದರೆ ಅಪ್ಪನ ಮೇಲಿನ ಕಳ್ಳತನದ ಮಾತು ಕೊನೆಯವರೆಗೂ ಉಳಿದುಬಿಡುತ್ತದೆ.

ಪೂರಿಗಾಲಿಯ ಪಟೇಲರ ಮನೆಯಂಗಳದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಪುಟ್ಟಮಾದಯ್ಯ ಹಳೆಯ ಮೋಟಾರುಗಾಡಿಯ ಕೆಳಗೆ ಅಂಗಾತ ಮಲಗಿ ಪೀಪಾಯಿಯ ತಳಕ್ಕೆ ಇದ್ದಿಲ ತಟ್ಟೆ ಸಿಗಿಸುತ್ತಿದ್ದಾನೆ. ಹೆಂಡತಿ ದೇವಿರಮ್ಮ ಕಮ್ಮಾರನಿಂದ ಎರವಲು ತಂದ ತಿದಿ ಹಿಡಿದು ಕೂತಿದ್ದಾಳೆ.

"ಊದ್ಲಾ, ಬ್ಯಾಡ್ವಾ? ತಟ್ಟೆ ಇಡ್ಕಂಡು ಉಣ್ಣಕ್ ಕಾದೋನಂಗ್ ಮಲ್ಗಿದ್ದೀಯಲ್ಲ!"

"ಊದಮ್ಮಿ. ಮೆಲ್ಲುಕ್ ಊದು, ನಿನ್ ಬಾಯಂಗಲ್ಲ."

ಪುಟ್ಟಮಾದಯ್ಯ ಮದ್ದೂರಿನ ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಬೆಂಕಿ ಹಾಕುವವನು. ಊರು ಮಲಗಿರುವಾಗಲೇ ಬತ್ತದ ಹೊಟ್ಟನ್ನು ಗೋರಿ ಗೋರಿ ಒಲೆಗೆ ಎರಚುತ್ತಾನೆ. ಮುಂಗೈಯಲ್ಲಿ ಒಂದು ಕೂದಲೂ ಉಳಿದಿಲ್ಲ. ಗಿರಣಿಯ ಶಿಳ್ಳೆಗೆ ಮದ್ದೂರು ಏಳುತ್ತದೆ. ಶಿಳ್ಳೆ ಕೂಗಿಸಿದವನ ಮುಖ ಯಾರಿಗೂ ಗೊತ್ತಿಲ್ಲ. "ಬಾಯ್ಲರು ಗುರ್ ಅಂತಿದ್ರೆ ಏನೂ ಬಯ ಇಲ್ಲ. ಸುಮ್ಕಾಯ್ತದಲ್ಲ, ಆಗ ಎದ್ರುಬೇಕು," ಎನ್ನುತ್ತಾನೆ. ಅವನದೂ ಹೆಚ್ಚು ಮಾತಿಲ್ಲ.

ಅವನ ಅಪ್ಪ ಲಿಂಗಯ್ಯ ಇದೇ ಮನೆಯಲ್ಲಿ ಇದೇ ಗಾಡಿ ಓಡಿಸುತ್ತಿದ್ದವನು. ಹಳೆಯ ಪಟೇಲರು ತೀರಿಕೊಂಡ ಮೇಲೆ ಗಾಡಿ ಕೆಟ್ಟು ನಿಂತಿತು. ಎಲ್ಲಿಂದಲೋ ಕರೆಸಿದ ಮೋಟಾರಿನವನು ಮುಂದಿನ ಪೆಟ್ಟಿಗೆ ತೆರೆದರೆ ಅಲ್ಲಿ ಸ್ಪ್ಯಾನರು, ಚಿಂದಿಬಟ್ಟೆ ಅಷ್ಟೇ. "ಇಂಜಿನ್ನೇ ಇಲ್ವಲ್ರೀ!" ಎಂದ. ಇಂಜಿನ್ನು ಸೀಟಿನ ಕೆಳಗಿದೆ ಎಂದು ಲಿಂಗಯ್ಯ ಅಂಗಲಾಚಿದ. ಊರು ನಕ್ಕಿತು. ಸೀಟಿನ ಕೆಳಗಿನದು ಸ್ನಾನದ ಹಂಡೆಯೆಂದು ಯಾರಿಗೆ ಗೊತ್ತಿಲ್ಲ? ಬೇಟೆಗೆ ಹೋದಲ್ಲೆಲ್ಲ ಹಳೆಯ ಪಟೇಲರು ಅದರ ನಲ್ಲಿ ತಿರುಗಿಸಿ ಬಿಸಿಬಿಸಿ ನೀರು ಮೀಯುತ್ತಿದ್ದುದನ್ನು ಎಲ್ಲರೂ ಕಂಡವರೇ. ಪಕ್ಕದಲ್ಲಿದ್ದ ಪುಟ್ಟ ಯಂತ್ರ ಕೆರೆಯಿಂದ ಹಂಡೆಗೆ ನೀರೆತ್ತುವ ಪಂಪು ಎಂದುಕೊಂಡರು. ಇಂಜಿನ್ ಕಳ್ಳನೆಂಬ ಹೆಸರು ಹೊತ್ತು ಲಿಂಗಯ್ಯ ಹೆಂಡತಿಯನ್ನೂ ಎದೆಹಾಲಿನ ಕೂಸನ್ನೂ ಕಟ್ಟಿಕೊಂಡು ಕೊಪ್ಪಕ್ಕೆ ಹೋದ. ಅಲ್ಲೇ ಸತ್ತ. ಆ ಕೂಸೇ ಪುಟ್ಟಮಾದಯ್ಯ.

ಈಗ ಯುದ್ಧಕಾಲ. ಪೆಟ್ರೋಲು ಸಿಕ್ಕದೆ ಬಸ್ಸುಗಳೇ ಇದ್ದಿಲ ಹೊಗೆ ಕಾರುತ್ತ ನಿಡಘಟ್ಟ ದಾಟುತ್ತಿವೆ. ಹಳೆ ಕಬ್ಬಿಣಕ್ಕೆ ಎಲ್ಲಿಲ್ಲದ ಬೇಡಿಕೆ. ಪೂರಿಗಾಲಿಯ ಬತ್ತ ಗಿರಣಿಗೆ ತಂದ ಆಳು, ಇಂಜಿನ್ನಿಲ್ಲದ ಮೋಟಾರನ್ನು ಪಟೇಲರ ಸೊಸೆ ಮೀನಾಕ್ಷಮ್ಮನವರು ಗುಜರಿಗೆ ಕೊಡುತ್ತಾರಂತೆ ಎಂದ. ಪುಟ್ಟಮಾದಯ್ಯ ಗೋರುವ ಹಲಗೆ ಇಟ್ಟು ರಜೆ ಕೇಳಲು ನಡೆದ.

ಪಟೇಲರ ಮನೆಯ ಕೊಟ್ಟಿಗೆಯಲ್ಲಿ ಗಾಡಿಯ ಸೀಟು ಎತ್ತಿದೊಡನೆ ಅವನಿಗೆ ತನ್ನ ಗಿರಣಿಯೇ ಕಂಡಿತು. ಊರವರು ಸ್ನಾನದ ಹಂಡೆ ಎಂದದ್ದು ಪೀಪಾಯಿಯಂಥ ಬಾಯ್ಲರು; ಅದರ ಮೈತುಂಬ ಜರಡಿಯಂತೆ ಕೊಳವೆಬಾಯಿಗಳು. ಮಗ್ಗುಲಲ್ಲಿ ನೀರಿನ ಮಟ್ಟ ತೋರುವ ಗಾಜು. ಪಂಪು ಎಂದುಕೊಂಡಿದ್ದ ಯಂತ್ರದಿಂದ ಹಿಂದಿನ ಅಚ್ಚಿಗೆ ಬಿಗಿದ ಸರಪಣಿ. ಇದು ಹಬೆಯಲ್ಲಿ ಓಡುವ ಗಾಡಿ.

"ಅವ್ವಾರೆ, ಮೀಯೋ ನೀರಿಗೆ ಚಕ್ರುಕ್ ಯಾಕ್ ಸರಪಣಿ?" ಎಂದು ಕೇಳಿದ.

ಮೀನಾಕ್ಷಮ್ಮ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. "ಗುಜರಿ ಮುದ್ದಯ್ಯ ಬರೋಗಂಟ ಟೇಮದೆ. ಓಡುಸ್ದ್ರೆ ಉಳೀತದೆ, ಇಲ್ದಿದ್ರೆ ಕಡ್ಸ್‌ಬುಡ್ತೀನಿ."

ಮುದ್ದಯ್ಯ ಇವತ್ತು ಬಂದಿದ್ದಾನೆ. ಬಾಗಿಲಲ್ಲಿ ಎತ್ತಿನಗಾಡಿ ನಿಲ್ಲಿಸಿ ಸುತ್ತಿಗೆ ಉಳಿ ಇಳಿಸಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದಾನೆ. ಟೈರು ಎಂದೋ ಪುಡಿಯಾದ ಚಕ್ರಗಳಿಗೆ ಪುಟ್ಟಮಾದಯ್ಯ ಹುಲ್ಲಿನ ಹಗ್ಗ ಸುತ್ತಿದ್ದಾನೆ. "ಇದೇನ್ಲಾ, ಗಾಡೀಗ್ ಮೇವ್ ಕಟ್ಟಿದ್ದೀಯಾ?" ಎಂದು ಮುದ್ದಯ್ಯ ಕುಟುಕಿದರೆ ಅಂಗಳವೆಲ್ಲ ನಗುತ್ತದೆ.

ಕೆಂಡ ನಿಗಿನಿಗಿಯಾಗುತ್ತದೆ. ಪೀಪಾಯಿ ಗುರುಗುಟ್ಟುತ್ತದೆ. ದೇವಿರಮ್ಮ ತಿದಿ ಒತ್ತುತ್ತಲೇ ಗಂಡನ ಕಿವಿಗೆ ಬಾಗುತ್ತಾಳೆ: "ಯಾರ್ ಮಗ ಅಂತ ಯೋಳ್‌ಬುಡು. ಎಲ್ರೂ ಅವ್ರೆ."

"ಗಾಡಿ ಯೋಳ್ಲಿ ಬುಡು."

ಥಟ್ಟನೆ ಗುರುಗುಟ್ಟುವಿಕೆ ನಿಲ್ಲುತ್ತದೆ. ಪುಟ್ಟಮಾದಯ್ಯ ಹೆಂಡತಿಯನ್ನು ಹಿಂದಕ್ಕೆ ತಳ್ಳಿ ಪೀಪಾಯಿಗೆ ಕಿವಿ ಹತ್ತಿರ ಹಿಡಿಯುತ್ತಾನೆ. ಎಲ್ಲೂ ಸುಂಯ್‌ಗುಟ್ಟುತ್ತಿಲ್ಲ. ಹಬೆ ಕೂಡುತ್ತಿದೆ. ಸೀಟಿಗೆ ಹತ್ತಿ, ಉಸಿರು ಬಿಗಿಹಿಡಿದು, ಹಬೆ ಬಿಡುವ ಸನ್ನೆಕೋಲು ಎಳೆಯುತ್ತಾನೆ.

ಗಾಡಿ ಬುಸುಗುಡುತ್ತ ಹಿಂದಕ್ಕೆ ಓಡುತ್ತದೆ! ನೇರ ಹೋಗಿ ಹುಲ್ಲಿನ ಮೆದೆಗೆ ಬಾಲ ತೂರಿಸಿ ನಿಲ್ಲುತ್ತದೆ.

"ಇಂದುಕ್ಕಾದ್ರೂ ಓಯ್ತಲ್ಲೋ!" ಎಂದು ಯಾರೋ ಕಿರುಚುತ್ತಾರೆ. ಪುಟ್ಟಮಾದಯ್ಯ ಇನ್ನೊಂದು ಸನ್ನೆಕೋಲು ತಿರುಗಿಸುತ್ತಾನೆ. ಮೈತುಂಬ ಹುಲ್ಲು ಹೊದ್ದ ಗಾಡಿ ಈಗ ಮುಂದಕ್ಕೆ ಬರುತ್ತದೆ, ಅಂಗಳ ಸುತ್ತುತ್ತದೆ, ಬಾಗಿಲ ಕಡೆ ನುಗ್ಗುತ್ತದೆ. ಮುದ್ದಯ್ಯ ಸುತ್ತಿಗೆ ಬಿಸಾಕಿ ಎತ್ತುಗಳನ್ನು ಅತ್ತ ಎಳೆದುಕೊಂಡು ಓಡುತ್ತಾನೆ. ಹೆಂಗಸರು ಸೆರಗು ಕಚ್ಚಿ ನಗುತ್ತಾರೆ. ದೇವಿರಮ್ಮ ಮಸಿಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಳ್ಳುತ್ತಾಳೆ.

ಗಾಡಿ ಜಗಲಿಯ ಮುಂದೆ ನಿಂತಾಗ ಮೀನಾಕ್ಷಮ್ಮ ಕೆಳಗಿಳಿದು ಬರುತ್ತಾರೆ. ಬಿಸಿ ಕಬ್ಬಿಣದ ಹತ್ತಿರ ಕೈ ಚಾಚಿ ಹಿಂದೆಗೆಯುತ್ತಾರೆ. ಆಮೇಲೆ ಊರಿನ ಕಡೆ ತಿರುಗುತ್ತಾರೆ.

"ಕೇಳ್ರಪ್ಪೋ! ಇಂಜಿನ್ನು ಇಲ್ಲೇ ಅದೆ, ಎಲ್ಲೂ ಓಗಿಲ್ಲ. ಆ ಲಿಂಗಯ್ಯ ಕದ್ದಿರ್ಲಿಲ್ಲ. ತಪ್ಪು ನಮ್ಮನೇದು. ಇನ್ಮ್ಯಾಕೆ ಅವನ್ನ ಯಾರಾದ್ರೂ ಕಳ್ಳ ಅಂದ್ರೆ ನನ್ ಮುಂದೆ ಬಂದ್ ಅನ್ಲಿ."

ಮುದಿ ಆಳೊಬ್ಬ ತಲೆಯ ಮೇಲಿನ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾನೆ.

"ಬೇಸ್ ಕೆಲ್ಸ ಮಾಡ್ದೆ ಕಣಪ್ಪಾ. ಯಾರ್ ಮಗ ನೀನು?" ಎಂದು ಮೀನಾಕ್ಷಮ್ಮ ಕೇಳುತ್ತಾರೆ.

ಪುಟ್ಟಮಾದಯ್ಯ ಸೀಟಿನಿಂದ ಇಳಿದು, ತಲೆಗೆ ಹತ್ತಿದ ಹುಲ್ಲು ಕೊಡವಿಕೊಂಡು, ನೆಟ್ಟಗೆ ನಿಲ್ಲುತ್ತಾನೆ.

"ಮದ್ದೂರ್ ಗಿರಣಿಯೋನು ಕಣ್ರವ್ವ. ಬೆಂಕಿ ಆಕೋನು."

ಲಿಂಗಯ್ಯ ತನ್ನ ಅಪ್ಪನೆಂದು ಅವನು ಹೇಳುವುದಿಲ್ಲ.