ಬ್ಯಾಗ್ ಬಿಚ್ಚಿಸುವ ನಳಿನಾಕ್ಷಿ

ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಹಾಪೆ ಕೈಗಾರಿಕಾ ಪ್ರದೇಶದ ಮುಚ್ಚಿದ ಕಾರ್ಖಾನೆಯೊಂದರ ಬಾಗಿಲಲ್ಲಿ ನೀಲಿ ಅಂಗಿ ತೊಟ್ಟ ನಳಿನಾಕ್ಷಿ ನನ್ನ ಬ್ಯಾಗಿನೊಳಗೆ ಕೈ ಆಡಿಸುತ್ತಿದ್ದಾರೆ. "ಇದೆಂತ?" ಎನ್ನುತ್ತಾರೆ. ನೀರಿನ ಬಾಟಲಿ. ಮುಚ್ಚಳ ತೆಗೆದು ಮೂಸುತ್ತಾರೆ. ನಾನು ಬಂದಿರುವುದು ಮುಂಜಾನೆಯ ನಾಟಕವೊಂದನ್ನು ನೋಡಲು, ಟಿಕೆಟ್ಟೂ ಕೈಯಲ್ಲಿದೆ. ಆದರೂ ಏನೋ ಕದ್ದವನ ಹಾಗೆ ಅವರ ಕೈಯನ್ನೇ ನೋಡುತ್ತ ನಿಲ್ಲುತ್ತೇನೆ.

ಈ ನಾಟಕಕ್ಕೆ ವೇದಿಕೆಯಿಲ್ಲ, ಕುರ್ಚಿಯಿಲ್ಲ. ಪ್ರೇಕ್ಷಕರನ್ನೇ ಒಂದು ಕೋಣೆಯಲ್ಲಿ ಕೂಡಿಹಾಕಿ, ಬೆಳ್ಳಿ ಚಮಚ ಕಳುವಾಗಿದೆ, ಕಳ್ಳರು ನಿಮ್ಮಲ್ಲೇ ಇದ್ದಾರೆ ಎಂದು ವಿಚಾರಣೆ ಶುರುಮಾಡುತ್ತಾರೆ. ಕೊನೆಗೆ ಚಮಚ ಯಾರದೋ ಬ್ಯಾಗಿನಲ್ಲಿ ಸಿಗುತ್ತದೆ. ತಪಾಸಣೆಯ ನೆಪದಲ್ಲಿ ಅದನ್ನು ಅಲ್ಲಿಗೆ ಜಾರಿಸಿದವರು ನಳಿನಾಕ್ಷಿಯೇ. ಪೋಸ್ಟರಿನಲ್ಲಿ ನಟನಟಿಯರ ಹೆಸರೆಲ್ಲ ಇದೆ, ಇವರದ್ದಿಲ್ಲ. ಹಾಕಿದರೆ ಗುಟ್ಟು ರಟ್ಟಾಗುತ್ತದೆ ಎನ್ನುತ್ತಾರೆ ನಿರ್ದೇಶಕಿ ಮಾನಸಿ. ಹಾಗಾದರೆ ನಾನು ಬರೆಯಬಹುದೇ? "ಕನ್ನಡ ಪೇಪರ್ ಅಲ್ವಾ, ಬಿಂದಾಸ್ ಬರೀರಿ. ನಮ್ಮ ಪಬ್ಲಿಕ್ ಓದಲ್ಲ." ನನಗೇಕೋ ಅವರ ಎರಡು ಮಾತಿನ ಮೇಲೂ ಪೂರ್ತಿ ನಂಬಿಕೆ ಬರುವುದಿಲ್ಲ.

ನಳಿನಾಕ್ಷಿ ಉಡುಪಿ ಕಡೆಯವರು. ಮದುವೆಯಾಗಿ ಕಲ್ಯಾಣ ಪಟ್ಟಣಕ್ಕೆ ಬಂದವರು. ಗಂಡ ಚೆನ್ನಯ ಹೋಟೆಲೊಂದರ ಕ್ಯಾಶಿನಲ್ಲಿ ಕೂರುತ್ತಾರೆ. ಆಟವಿದ್ದ ದಿನ ಇವರು ಕತ್ತಲಿರುವಾಗಲೇ ಲೋಕಲ್ ರೈಲು ಹಿಡಿದು ಥಾಣೆ ರೈಲು ನಿಲ್ದಾಣದಲ್ಲಿ ಇಳಿದು, ವಾಶಿಯ ಗಾಡಿ ಹತ್ತಿ, ಕೊನೆಗೆ ಶೇರ್ ರಿಕ್ಷಾದಲ್ಲಿ ಇಲ್ಲಿಗೆ ಮುಟ್ಟುತ್ತಾರೆ. ಬ್ಯಾಗ್ ನೋಡುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ವಾಶಿಯ ಮಾಲೊಂದರಲ್ಲಿ ಅವರಿಗೆ ಅದೇ ಕೆಲಸ.

ಒಂದು ದಿನ ಅಲ್ಲಿ ಗಿರಾಕಿಯೊಬ್ಬಳ ಕಿವಿಯೋಲೆ ಕಾಣೆಯಾಯಿತು. "ಎಲ್ಲರೆದುರು ನನ್ನ ಬ್ಯಾಗ್ ಕೊಡವಿದ್ರು. ಚಟ್ನಿ ಡಬ್ಬಿಯೊಳಗೂ ಚಮಚ ಹಾಕಿ ತಿರುವಿದ್ರು ಮಾರಾಯ್ರೆ," ಎನ್ನುತ್ತಾರೆ. ಸಂಜೆ ಓಲೆ ಆ ಗಿರಾಕಿಯ ಕಾರಿನಲ್ಲೇ ಸಿಕ್ಕಿತು. ಸೂಪರ್‌ವೈಸರ್ ಬಂದು "ಚಲೋ, ಡ್ಯೂಟಿ ಪೇ ಜಾವೋ" ಎಂದು ಕೆಲಸಕ್ಕೆ ಕಳಿಸಿದರಂತೆ, ಅಷ್ಟೇ. ತಪ್ಪಾಯಿತು ಎಂಬ ಒಂದು ಮಾತಿಲ್ಲ. "ಕದ್ದ ಸುದ್ದಿ ನಮ್ಮ ಬಿಲ್ಡಿಂಗಿಗೆ ಮುಟ್ಟಿತ್ತು. ಸಿಕ್ಕಿದ ಸುದ್ದಿ ಮುಟ್ಟಲೇ ಇಲ್ಲ. ಇವತ್ತಿಗೂ ನಾನು ಹೋದ್ರೆ ಪಕ್ಕದ ಮನೆಯವ್ರು ಪರ್ಸ್ ತೆಗೆದು ಒಳಗಿಡ್ತಾರೆ."

ಈ ಕಥೆ ಕೇಳಿಯೇ ಮಾನಸಿ ನಾಟಕ ಕಟ್ಟಿದ್ದು. ಅವರದೊಂದು ಕಟ್ಟುನಿಟ್ಟಿನ ನಿಯಮವಿದೆ: ಆಟ ಮುಗಿದ ಮೇಲೆ ಯಾರೂ ಏನೂ ವಿವರಿಸಕೂಡದು, ಜನ ಕಸಿವಿಸಿ ಹೊತ್ತೇ ಮನೆಗೆ ಹೋಗಬೇಕು. ನಳಿನಾಕ್ಷಿ ಅದನ್ನು ಕೇಳುವವರಲ್ಲ. ಚಮಚ ಸಿಕ್ಕವರನ್ನು ಹೊರಗೆ ತಡೆದು, ಇಟ್ಟದ್ದು ನಾನೇ, ತಪ್ಪಾಯಿತು ಎಂದು ಹೇಳಿಯೇ ಕಳಿಸುತ್ತಾರೆ. ಕಳೆದ ವಾರ ಮಾನಸಿಗೆ ರೇಗಿಹೋಗಿದೆ. ಇನ್ನೊಮ್ಮೆ ಹಾಗೆ ಮಾಡಿದರೆ ಬೇರೆಯವರನ್ನು ಹುಡುಕುತ್ತೇನೆ ಎಂದಿದ್ದಾರೆ.

ಇವತ್ತು ಚಮಚ ಸಿಗುವುದು ಡೊಂಬಿವಲಿಯಿಂದ ಒಬ್ಬರೇ ಬಂದ ಹೆಂಗಸಿನ ಬ್ಯಾಗಿನಲ್ಲಿ. ನಾಟಕವೆಂದು ಗೊತ್ತಿದ್ದೂ ನಾವೆಲ್ಲ ಆಕೆಯಿಂದ ಸ್ವಲ್ಪ ಸರಿದು ನಿಲ್ಲುತ್ತೇವೆ. ಆಟ ಮುಗಿದಾಗ ಆಕೆ ಯಾರ ಮುಖವನ್ನೂ ನೋಡದೆ, ಕಣ್ಣೊರೆಸಿಕೊಳ್ಳುತ್ತ ಹೊರಡುತ್ತಾರೆ. ಅಂಗಳದಲ್ಲಿ ಮಾನಸಿ ಕೈಕಟ್ಟಿ ನಿಂತಿದ್ದಾರೆ. ನಳಿನಾಕ್ಷಿ ಒಮ್ಮೆ ಅವರ ಮುಖ ನೋಡಿ, ಆ ಹೆಂಗಸಿನ ಹಿಂದೆ ಓಡುತ್ತಾರೆ. ತಮ್ಮ ಕಲ್ಯಾಣದ ಹಿಂದಿಯಲ್ಲಿ ಎಲ್ಲ ಹೇಳುತ್ತಾರೆ. "ಸಚ್?" ಎಂದು ನಂಬಲಾಗದೆ ಕೇಳಿದ ಆಕೆ ಇವರ ಕೈಯನ್ನು ತುಂಬ ಹೊತ್ತು ಬಿಡುವುದಿಲ್ಲ.

ಇನ್ನೇನು ಕೆಲಸ ಹೋಯಿತು ಎಂದುಕೊಳ್ಳುತ್ತೇನೆ. ಮಾನಸಿ ಹತ್ತಿರ ಬಂದು ನಿಟ್ಟುಸಿರು ಬಿಡುತ್ತಾರೆ. "ಆಂಟಿ, ಗೇಟಿನ ಒಳಗೆ ನನ್ನ ನಾಟಕ. ಗೇಟ್ ದಾಟಿದ ಮೇಲೆ ನೀವು ಯಾರ ಹತ್ರ ಏನು ಬೇಕಾದ್ರೂ ಮಾತಾಡಿ."

ಪೇಪರಿನವನು ಬಂದಿದ್ದಾನೆಂದು ಇಬ್ಬರೂ ಸೇರಿ ಇದನ್ನೂ ಆಡಿ ತೋರಿಸಿದರೇ? ರಿಕ್ಷಾಕ್ಕೆ ಕಾಯುವಾಗ ಕೇಳಿಯೇಬಿಡುತ್ತೇನೆ. ನಳಿನಾಕ್ಷಿ ನಗುತ್ತಾರೆ. "ನನ್ನ ಕೆಲಸಕ್ಕೆ ಅನುಮಾನ ಬೇಕು. ನಿಮಗ್ಯಾಕೆ?"

ಅವರಿಗೊಂದು ಆಸೆಯಿದೆ. ಆ ಸೂಪರ್‌ವೈಸರ್ ಒಂದು ದಿನ ಟಿಕೆಟ್ ತೆಗೆದುಕೊಂಡು ಈ ಸಾಲಿನಲ್ಲಿ ನಿಲ್ಲಬೇಕಂತೆ.

"ಅವರ ಬ್ಯಾಗಿಗೂ ಚಮಚ ಹಾಕುತ್ತೀರಾ?"

"ಹಾಕದೆ!"

"ಆಮೇಲೆ ತಪ್ಪಾಯಿತು ಅಂತಲೂ ಹೇಳುತ್ತೀರಾ?"

"ಹೇಳ್ತೇನೆ. ಆ ಮಾತು ಕೇಳ್ಲಿಕ್ಕೆ ಹೇಗಿರ್ತದೆ ಅಂತ ಅವ್ರಿಗೂ ಒಮ್ಮೆ ಗೊತ್ತಾಗ್ಬೇಕಲ್ಲ."