ಕೊಯಮತ್ತೂರು ಮಾದಯ್ಯ

ತೊಂಬತ್ತಾರರಲ್ಲಿ ಕೊಯಮತ್ತೂರಿನ ನೂಲಿನ ಗಿರಣಿ ಮುಚ್ಚಿದ ಮೇಲೆ ಪುಟ್ಟಮಾದಯ್ಯ ಹೆಂಡತಿ ನಿಂಗಾಜಮ್ಮನೊಂದಿಗೆ ಮೈಸೂರು ಸೀಮೆಯ ಹೆಡತಲೆ ಎಂಬ ಹಳ್ಳಿಗೆ ಬಂದು ಕೂಲಿಗೆ ನಿಂತನಾದರೂ, ಅವನ ಮಾತು ಮಾತ್ರ ಆ ಊರು ಬಿಟ್ಟು ಬರಲೇ ಇಲ್ಲ. ನೀರು ಕೊಟ್ಟರೆ, ಸಿರುವಾಣಿ ಬೆಟ್ಟದ ನೀರಿನ ಮುಂದೆ ಇದು ಕಲಗಚ್ಚು ಅನ್ನುತ್ತಿದ್ದ. ಸೆಕೆಯಾದರೆ, ಪಾಲಕ್ಕಾಡಿನ ಹತ್ತಿರ ಬೆಟ್ಟದ ಸಾಲು ತುಂಡಾಗಿದೆ, ಆ ಸಂದಿಯಿಂದ ನುಗ್ಗುವ ಗಾಳಿಗೆ ಅಲ್ಲಿ ಬೇಸಿಗೆಯೂ ತಂಪು ಎಂದು ಶುರುಮಾಡುತ್ತಿದ್ದ. ಅದು ತಮಿಳರ ಊರಲ್ಲವೇ ಎಂದು ಯಾರಾದರೂ ಕೇಳಿದರೆ ಮುಗಿಯಿತು. "ಐದರಾಲಿ ಕಾಲ್ದಲ್ಲಿ ಅದು ನಮ್ ಮೈಸೂರಿಗೇ ಸೇರಿತ್ತು ಕಣ್ಲಾ!" ಕೇಳಿ ಕೇಳಿ ನಿಂಗಾಜಮ್ಮ ಸೋತುಹೋಗಿದ್ದಳು. ಹತ್ತಿಯ ದೂಳಿಗೆ ಅವನು ರಾತ್ರಿಯೆಲ್ಲ ಕೆಮ್ಮುತ್ತಿದ್ದುದು ಅವಳಿಗೆ ನೆನಪಿತ್ತು. ಒಂದು ದಿನ ಬಾಳೆಕಾಯಿ ಲಾರಿಯ ಸಿದ್ದರಾಜು ಮನೆ ಮುಂದೆ ನಿಲ್ಲಿಸಿ, "ಕೊಯಮತ್ತೂರಿಗೇ ಲೋಡು, ಬಾರಣ್ಣೋ, ನಾಳೀಕೆ ಬಂದ್ಬುಡಾವ" ಎಂದ. ಒಮ್ಮೆ ನೋಡಿ ಬಂದರೆ ಹಂಬಲ ತೀರೀತೆಂದು ನಿಂಗಾಜಮ್ಮ ಒಗೆದ ಅಂಗಿ ತಂದುಕೊಟ್ಟಳು. ಅವನು ತೊಟ್ಟುಕೊಂಡು ಲಾರಿಯ ತನಕ ಹೋದವನು ತಿರುಗಿ ಬಂದು ಜಗಲಿಯ ಮೇಲೆ ಕೂತ. "ಯಾಕ, ಏನಾಯ್ತು?" ಎಂದಳು ನಿಂಗಾಜಮ್ಮ. "ಅಲ್ಲಿಗೋದ್ರೆ ಬಾಗ್ಲಿಗಾಕಿರೋ ಬೀಗ ಕಾಣ್ತದೆ ಕಣಮ್ಮಿ. ಇಲ್ಲಿದ್ರೆ ನನ್ ಪಾಲಿಗೆ ಗಿರಣಿ ಇನ್ನೂ ಓಡ್ತಾ ಅದೆ." ನಿಂಗಾಜಮ್ಮ ಸಿದ್ದರಾಜುವಿಗೆ ಹೋಗೆಂದು ಕೈಮಾಡಿ, ಗಂಡನ ಪಕ್ಕ ಕೂತಳು. "ಸಂಜೆ ಪಾಳಿ ಬಿಟ್ಟಾಗ ಬೀದಿ ತುಂಬ ಮಲ್ಲಿಗೆ ಮಾರೋರು, ಅಲ್ವಾ?" ಎಂದಳು. ಆ ಊರಿನ ಮಾತನ್ನು ಅವಳಾಗಿ ತೆಗೆದದ್ದು ಅದೇ ಮೊದಲು.