ಕಂಸದೊಳಗಿನ ನಗು

ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಉಸ್ಮಾನ ಮಿಯಾ ಅವರ ರೇಡಿಯೋ ರಿಪೇರಿ ಅಂಗಡಿ ಇದೆ. ಈಗ ಅಲ್ಲಿಗೆ ರೇಡಿಯೋ ಹೊತ್ತು ತರುವವರು ವರ್ಷಕ್ಕೆ ಇಬ್ಬರೋ ಮೂವರೋ. ಮಿಕ್ಸರು, ಟೇಬಲ್ ಫ್ಯಾನು, ಚಾರ್ಜರುಗಳದೇ ಕೆಲಸ. ಅಂಗಡಿಯ ಬಾಗಿಲಿಗೆ ಹೊಂದಿಕೊಂಡು ಒಂದು ಮರದ ಬೆಂಚು. ಅದರ ಎಡತುದಿ ಬಹಳ ವರ್ಷಗಳಿಂದ ನಾಗಸೇನರದು. ಶಾಲೆಯಿಂದ ನಿವೃತ್ತನಾದ ಮೇಲೆ ಬಲತುದಿ ನನ್ನದಾಯಿತು.

ನಾಗಸೇನರು ನಕ್ಕದ್ದನ್ನು ಭಾಲ್ಕಿಯಲ್ಲಿ ಯಾರೂ ಕಂಡಿರಲಿಲ್ಲ. ಅವರ ಮನೆಯಾಕೆ ಮಹಾಮಾಯಾ ಅವರನ್ನು ಕೇಳಿದರೆ, "ಮದುವಿ ಫೋಟೋದಾಗೂ ನಕ್ಕಿಲ್ರಿ. ಫೋಟೋದವ ಹೇಳಿ ಹೇಳಿ ಸಾಕಾಗಿ ಹಂಗೇ ತೆಗದ," ಎನ್ನುತ್ತಿದ್ದರು.

ನಾಗಸೇನರ ಊರು ಔರಾದ ತಾಲೂಕಿನ ಸಂತಪುರ. ತಂದೆಗೆ ಅಕ್ಷರ ಬರುತ್ತಿರಲಿಲ್ಲ. ಮಗ ಮಾತ್ರ ಬೀದರಿಗೆ ಹೋಗಿ ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿತು, ಔರಾದ, ಬೀದರ, ಭಾಲ್ಕಿಯ ನ್ಯಾಯಾಲಯಗಳಲ್ಲಿ ಮೂವತ್ತಮೂರು ವರ್ಷ ಶೀಘ್ರಲಿಪಿಗಾರರಾಗಿ ದುಡಿದರು. ಜನ ಆಡಿದ ಮಾತನ್ನು ಅದರ ವೇಗದಲ್ಲಿಯೇ ಗೆರೆ, ಕೊಕ್ಕೆ, ಚುಕ್ಕೆಗಳಲ್ಲಿ ಹಿಡಿಯುವ ವಿದ್ಯೆ ಅದು. ಅಕ್ಷರವನ್ನಲ್ಲ, ಧ್ವನಿಯನ್ನು ಬರೆಯುವುದರಿಂದ ಕನ್ನಡವಾದರೇನು, ಉರ್ದುವಾದರೇನು, ನಾಗಸೇನರ ಪೆನ್ಸಿಲು ನಿಲ್ಲುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಔರಾದದಲ್ಲಿ ನಡೆದದ್ದನ್ನು ಅವರೇ ಒಮ್ಮೆ ನನಗೆ ಹೇಳಿದ್ದರು. ಎಮ್ಮೆ ಕಳುವಿನ ಪ್ರಕರಣ. ಕೇಳಿದ್ದನ್ನೇ ಕೇಳಿ ಬೇಸತ್ತ ಸಾಕ್ಷಿಯೊಬ್ಬ, "ಹೌದ್ರಿ, ಆ ಎಮ್ಮಿ ನಾನೇ ನುಂಗೀನಿ," ಎಂದುಬಿಟ್ಟ. ಎಲ್ಲರೂ ನಕ್ಕರು. ನಾಗಸೇನರು ಮಾತನ್ನಷ್ಟೇ ಬರೆದುಕೊಂಡರು. ಸಂಜೆ ಹಿರಿಯ ಸಹೋದ್ಯೋಗಿ ಪುಸ್ತಕ ನೋಡಿ ಗದರಿದರಂತೆ: ನಾಳೆ ಇದನ್ನು ಓದುವವರು ಆ ಮನುಷ್ಯನ ಮುಖ ನೋಡಿರುವುದಿಲ್ಲ, ಎಮ್ಮೆ ತಿಂದೆನೆಂದು ಒಪ್ಪಿಕೊಂಡ ಎಂದೇ ತಿಳಿಯುತ್ತಾರೆ. ನಗು ಬಂದಾಗ ಕಂಸದೊಳಗೆ 'ನಗು' ಎಂದು ಬರೆ, ಯಾರು ನಕ್ಕರೆಂಬುದನ್ನೂ ಬರೆ, ನೀನು ಮಾತ್ರ ನಗಬೇಡ. ಆ ಮೂರು ಮಾತನ್ನೂ ನಾಗಸೇನರು ಬಿಡಲಿಲ್ಲ.

ಕಲಿಯುವ ದಿನಗಳಲ್ಲಿ ವೇಗ ಬರಲೆಂದು ಅವರು ಇದೇ ಉಸ್ಮಾನ ಮಿಯಾ ಬಳಿ ಒಂದು ಹಳೆಯ ರೇಡಿಯೋ ಕೊಂಡಿದ್ದರು. ಲಂಡನ್ನಿನಿಂದ ಬರುವ ಇಂಗ್ಲಿಷ್ ಕೇಳಿ ಬರೆಯುವುದು ಅಭ್ಯಾಸ. ಸುದ್ದಿ ಓದುವವರು ಬಹಳ ನಿಧಾನ. ಹಾಸ್ಯ ಕಾರ್ಯಕ್ರಮದವರು ಒಬ್ಬರ ಬಾಯಿಂದ ಒಬ್ಬರು ಮಾತು ಕಸಿದುಕೊಳ್ಳುತ್ತಿದ್ದರು. ಕೈ ಓಡಬೇಕಾದರೆ ಇವರೇ ಸರಿ ಎಂದು ಹಿಡಿದದ್ದು ಹಾಗೆಯೇ ಉಳಿಯಿತು. ನಿವೃತ್ತರಾದ ಮೇಲೂ ಮಧ್ಯಾಹ್ನ ಮೂರು ಗಂಟೆಗೆ ಬೆಂಚಿನ ಮೇಲೆ ಕುಳಿತು, ಮೊಬೈಲಿನಲ್ಲಿ ಲಂಡನ್ ರೇಡಿಯೋದ ತಮಾಷೆ ಹಚ್ಚಿ, ಕಲ್ಲಿನಂಥ ಮುಖದಿಂದ ಬರೆಯುತ್ತಿದ್ದರು. ನಾಲ್ಕು ಜನ ಕುಳಿತು ವಾರದ ಸುದ್ದಿ ಹಿಡಿದು ಒಬ್ಬರ ಕಾಲೊಬ್ಬರು ಎಳೆಯುವುದು, ಎದುರಿನ ಸಭಿಕರು ಹೋ ಎಂದು ನಗುವುದು.

ಉಸ್ಮಾನ ಮಿಯಾಗೆ ಅದು ಹಿಡಿಸುತ್ತಿರಲಿಲ್ಲ. ಅವರ ಮೊಮ್ಮಗಳು ಗುಡಿಯಾ ಬೀದರಿನಲ್ಲಿ ಓದುವಾಗ ಅಜ್ಜನ ಫೋನಿನಲ್ಲಿ ಬ್ರಿಟಿಷ್ ಟೆಲಿವಿಷನ್ನಿನ ಹಾಸ್ಯ ಧಾರಾವಾಹಿಗಳನ್ನು ತುಂಬಿಕೊಟ್ಟಿದ್ದಳು. ಅವುಗಳಲ್ಲಿ ಒಂದರಲ್ಲಿ ಯಾವುದೋ ಸಣ್ಣ ಊರಿನ ಕಚೇರಿ. ಮುರಿದ ಕುರ್ಚಿಯೊಂದನ್ನು ಎಸೆಯಬೇಕೋ ಬೇಡವೋ ಎಂದು ಇಡೀ ಕಂತು ಸಭೆ ನಡೆಯುತ್ತದೆ. ಯಾರೂ ನಗುವುದಿಲ್ಲ. ಹಿಂದಿನಿಂದ ನಗುವ ಸಭಿಕರೂ ಇಲ್ಲ. ಉಸ್ಮಾನ ಮಿಯಾ ಮಾತ್ರ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

"ಸ್ಟೆನೋ ಸಾಬ, ನಿಮ್ಮ ಲಂಡನ್ ಮಂದಿ ಯಾಕ ಅಷ್ಟು ನಗ್ತಾರ್ರಿ? ಎಲ್ಲಿ ನಗಬೇಕು ಅಂತ ನನಗ ತಿಳ್ಯಾಂಗಿಲ್ಲೇನು?"

"ನಗು ಇಲ್ಲದಿದ್ರ ಅದು ತಮಾಷಿ ಅಂತ ಹ್ಯಾಂಗ ತಿಳೀಬೇಕು, ಮಿಯಾ?"

"ಮಾರಿ ನೋಡ್ರಿ, ಮಾರಿ! ಆ ಸಾಹೇಬನ ಮಾರಿ ನೋಡಿದ್ರ ಸಾಕು. ರೇಡಿಯೋದಾಗ ಮಾರಿ ಎಲ್ಲದ?"

"ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡೀರಿ. ಹಂಗ ಅನಬ್ಯಾಡ್ರಿ."

"ರಿಪೇರಿ ಮಾಡೀನಿ. ಕೇಳೀನಿ ಅಂತ ಯಾರ ಹೇಳಿದ್ರು?"

ಇದನ್ನು ಹೇಳುವಾಗ ಉಸ್ಮಾನ ಮಿಯಾ ಮುಖದ ಮೇಲೆ ಒಂದು ಗೆರೆಯೂ ಮೂಡುತ್ತಿರಲಿಲ್ಲ. ಅವರ ತಮಾಷೆಯೂ ಅವರ ಟೆಲಿವಿಷನ್ನಿನ ಜಾತಿಯದೇ. ಒಮ್ಮೆ ಒಬ್ಬ ಹೆಣ್ಣುಮಗಳು ಫ್ಯಾನು ಯಾವಾಗ ಸಿದ್ಧವಾಗುತ್ತದೆ ಎಂದು ಕೇಳಿದಾಗ, "ಇದರಾಗಿನ ಗಾಳಿ ಮುಗದದ ಅಮ್ಮಾ. ಉದಗೀರದಿಂದ ತರಸ್ಬೇಕು, ಸೋಮವಾರ ಬರ್ರಿ," ಎಂದಿದ್ದರು. ಸೋಮವಾರ ಆಕೆ ಬಂದು ಗಾಳಿ ಬಂತೇ ಎಂದು ಕೇಳಿದಳು.

ಹೀಗೆ ನಡೆದಿತ್ತು. ಹೋದ ವರ್ಷ ಗುಡಿಯಾಗೆ ವರ ಗೊತ್ತಾಯಿತು. ಈ ವರ್ಷ ಬೇಸಿಗೆಯಲ್ಲಿ ನಿಕಾಹ್ ಆಯಿತು. ಆದ ಎಂಟನೆಯ ದಿನ ಅಂಗಡಿಯ ಮಾಲೀಕರಾದ ಕಾಶೀರಾಮ ಬಂದರು. ನಾಗಸೇನರಿಗೆ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಹಿರಿಯರು. ಮಗ ಸುಶೀಲಕುಮಾರನಿಗೆ ಔಷಧ ಅಂಗಡಿ ಹಾಕಲು ಜಾಗ ಹುಡುಕುತ್ತಿದ್ದರು.

"ಮಿಯಾ, ಮದುವಿ ಛಲೋ ಆಯ್ತು. ಇನ್ನ ಕೀಲಿ ಯಾವಾಗ ಕೊಡ್ತೀರಿ?"

"ಯಾವ ಕೀಲಿ, ಭಾಯಿ?"

"ದುಕಾನದ್ದು. ಗುಡಿಯಾನ ನಿಕಾ ಆದ ಮರುದಿನಾನ ದುಕಾನ ಬಿಡ್ತೇನಿ ಅಂತ ಮಾತು ಕೊಟ್ಟೀರಿ. ಇಲ್ಲೇ, ಈ ಬೆಂಚಿನ ಮ್ಯಾಲ ನಾ ಕೂತಿದ್ದೆ."

ಉಸ್ಮಾನ ಮಿಯಾ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟರು. ದಿನಕ್ಕೆ ನೂರು ಮಾತು ಆಡುವ ಮನುಷ್ಯ, ನೆನಪಿರಬೇಕಲ್ಲ. "ನಾ ಹಂಗ ಅಂದಿಲ್ಲ," ಎಂದರು.

"ಅಂದೀರಿ. ನಮ್ಮ ನಾಗಸೇನ ಬರಕೊಂಡಾನ. ಕೇಳ್ರಿ ಬೇಕಾದ್ರ."

ಎಲ್ಲರೂ ಬೆಂಚಿನ ಎಡತುದಿಯತ್ತ ನೋಡಿದೆವು. ನಾಗಸೇನರು ಮೊಬೈಲಿನಲ್ಲಿ ನಗುತ್ತಿದ್ದ ಲಂಡನ್ನನ್ನು ಆರಿಸಿದರು.

"ಬರಕೊಂಡೀನಿ, ಖರೆ," ಎಂದರು.

"ನನ್ನ ಮಾತು? ನೀವು ರೇಡಿಯೋ ಬರೀತಿದ್ರಿ ಅಂತ ತಿಳದಿದ್ದೆ ನಾ."

"ಕೇಳಿದ್ದೆಲ್ಲಾ ಬರೀತೇನಿ, ಮಿಯಾ. ಕೈಗಿ ರೂಢಿ ಆಗ್ಯದ."

"ಏನ ಬರದೀರಿ, ಹೇಳ್ರಿ ಹಂಗಾದ್ರ."

"ನೆನಪಿನ ಮ್ಯಾಲ ಹೇಳಾಂಗಿಲ್ಲ. ವಹಿ ನೋಡಿ ಓದಬೇಕು. ನಾ ಓದೂದೂ ಸರಿ ಅಲ್ಲ. ಇವರು ನಮ್ಮ ಅಣ್ಣ, ನೀವು ದೋಸ್ತ. ನಾ ಏನ ಓದಿದ್ರೂ ಒಬ್ಬರಿಗಿ ಅನುಮಾನ. ಬೀದರದಿಂದ ಸುಜಾತಾಗ ಕರಸ್ತೇನಿ. ನನ್ನ ಕೈಬರಹ ಓದೂಕ ಅಕಿಗೊಬ್ಬಾಕಿಗೇ ಬರ್ತದ."

ಸುಜಾತಾ ಅವರ ಶಿಷ್ಯೆ. ಬೀದರಿನ ಕಚೇರಿಯೊಂದರಲ್ಲಿ ಶೀಘ್ರಲಿಪಿಗಾರ್ತಿ.

ಉಸ್ಮಾನ ಮಿಯಾ ಕಾಶೀರಾಮರ ಕಡೆ ತಿರುಗಿ, "ನಾ ಮನಸಿಟ್ಟು ಆ ಮಾತು ಅಂದಿದ್ರ, ಸುಜಾತಾ ಓದಿದ ದಿನಾನೇ ಕೀಲಿ ನಿಮ್ಮ ಕೈಯಾಗ. ಉಸ್ಮಾನ ಮಾತು ತಪ್ಪಿದ ಅಂತ ಈ ಓಣಿಯಾಗ ಯಾರೂ ಅನಬಾರ್ದು," ಎಂದರು. ಅವರು ಹಾಗೆ ಮಾಡುವವರೇ ಎಂಬುದು ನಮಗೆಲ್ಲ ತಿಳಿದಿತ್ತು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಅಂಗಡಿ ಬಿಟ್ಟರೆ ಅವರಿಗೆ ಬೇರೆ ಜಾಗವಿಲ್ಲ ಎಂಬುದೂ ತಿಳಿದಿತ್ತು.

ನಾಗಸೇನರು ಹೋದ ವರ್ಷದ ಆ ತಿಂಗಳ ಪುಸ್ತಕವನ್ನು ಮನೆಯಿಂದ ತಂದು ನನ್ನ ಕೈಗೆ ಕೊಟ್ಟರು. ಭಾನುವಾರದವರೆಗೆ ಅದು ನನ್ನ ಬಳಿ ಇರಬೇಕೆಂದು ಮಾತಾಯಿತು.

"ಮಾಸ್ತರ್, ಹಾಳಿ ಎಣಸ್ರಿ," ಎಂದರು ಉಸ್ಮಾನ ಮಿಯಾ. ಎಣಿಸಿದೆ, ತೊಂಬತ್ತಾರು. ಕಾಶೀರಾಮ ನನ್ನಿಂದ ತೆಗೆದುಕೊಂಡು ತಾವೂ ಎಣಿಸಿದರು.

ಆ ಐದು ದಿನ ಆ ಬೆಂಚಿನ ಮೇಲೆ ಕೂರುವುದೇ ಕಷ್ಟವಾಯಿತು. ನಾಗಸೇನರು ಎಂದಿನಂತೆ ಮೂರು ಗಂಟೆಗೆ ಬರುತ್ತಿದ್ದರು. ಉಸ್ಮಾನ ಮಿಯಾ ಅವರೆದುರು ಬಾಯಿ ಬಿಡುತ್ತಿರಲಿಲ್ಲ. ಗಿರಾಕಿ ಬಂದರೆ ಓಣಿಗೆ ಇಳಿದು, ಗೋಡೆಯ ಮರೆಗೆ ಹೋಗಿ ಮಾತನಾಡಿ ಬರುತ್ತಿದ್ದರು. ಚಹ ಬಂದರೆ ಲೋಟ ಕೊಡುವಾಗಲೂ ಅವರ ಕಣ್ಣು ಆ ಪೆನ್ಸಿಲಿನ ಮೇಲೆಯೇ. ಪೆನ್ಸಿಲಿಗೆ ಬರೆಯಲು ಲಂಡನ್ ಒಂದೇ ಉಳಿಯಿತು.

"ಇಷ್ಟು ವರ್ಷ ಪೋಲೀಸಗ ಚಹಾ ಕುಡಿಸೀನೇನೋ," ಎಂದು ಒಂದು ದಿನ ನನ್ನ ಕಿವಿಯಲ್ಲಿ ಹೇಳಿದರು.

ನನಗೂ ಸಂಶಯ ಬರಲಿಲ್ಲ ಎಂದರೆ ಸುಳ್ಳಾದೀತು. ಆ ಬೆಂಚಿನ ಮೇಲೆ ನಾನು ಆಡಿದ ಮಾತೇನು ಕಡಿಮೆಯೇ? ಮುಖ್ಯಾಧ್ಯಾಪಕರ ಬಗ್ಗೆ, ನನ್ನ ಬೀಗರ ಬಗ್ಗೆ, ಒಂದೆರಡು ಸಲ ನಾಗಸೇನರ ಬಗ್ಗೆಯೇ. ಮನೆಯಲ್ಲಿ ಟ್ರಂಕಿನೊಳಗೆ ಇಟ್ಟಿದ್ದ ಪುಸ್ತಕ ತೆಗೆದು ನೋಡಿದೆ. ಪುಟದ ತುದಿಯಲ್ಲಿ ತಾರೀಖು ಬಿಟ್ಟರೆ ಉಳಿದದ್ದೆಲ್ಲ ಇರುವೆ ಮಸಿಯಲ್ಲಿ ಕಾಲದ್ದಿ ನಡೆದಂತಿತ್ತು. ಗುರುವಾರ ಸಂಜೆ ಉಸ್ಮಾನ ಮಿಯಾ ಮನೆಯಾಕೆ ಬಿಸ್ಮಿಲ್ಲಾಬೀ ಶ್ಯಾವಿಗೆಯ ಪಾಯಸ ಹಿಡಿದು ಬಂದರು. "ವಹಿ ಇಲ್ಲೇ ಅದ ಅಲ್ರಿ, ಮಾಸ್ತರ್? ಯಾರೂ ಒಯ್ದಿಲ್ಲ ಅಲ್ರಿ?" ಎಂದು ಟ್ರಂಕನ್ನೇ ನೋಡುತ್ತ ಕೇಳಿದರು. ಅವರು ಹೊರಗೆ ಹೆಜ್ಜೆ ಇಡುತ್ತಿದ್ದಂತೆ ಕಾಶೀರಾಮ ಬಂದರು. "ಆ ಬೀಬೀ ಯಾಕ ಬಂದಿದ್ಲು?" ಎಂದು ಕೇಳಿ, ಇನ್ನೊಮ್ಮೆ ಹಾಳೆ ಎಣಿಸಿಯೇ ಹೋದರು.

ಭಾನುವಾರ ಬೆಳಿಗ್ಗೆ ಬೀದರದ ಬಸ್ಸಿನಲ್ಲಿ ಸುಜಾತಾ ಬಂದಳು. ಉಸ್ಮಾನ ಮಿಯಾ ಅಂಗಡಿಯ ಕೀಲಿಯನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ನಾಗಸೇನರು ಅಂಗಡಿಯ ಹೊರಗೆ ಬೆನ್ನು ಮಾಡಿ ನಿಂತರು, ತಾವು ಸನ್ನೆ ಮಾಡಿದರೆಂಬ ಮಾತು ಬರಬಾರದೆಂದು.

ಸುಜಾತಾ ತಾರೀಖು ಹುಡುಕಿ, ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದಳು.

"ಲಂಡನ್: ಮಂತ್ರಿಗಳು ಸೈಕಲ್ ಹತ್ತಿ ಕಚೇರಿಗೆ ಬಂದರು. ಅವರ ಬೂಟು ಹಿಂದಿನ ಕಾರಿನಲ್ಲಿ ಬಂದವು. ಇಲ್ಲೊಂದು ಸೊನ್ನಿ ಹಾಕ್ಯಾರ. ಉಸ್ಮಾನ ಮಿಯಾ: ಚಹಾದಾಗ ಸಕ್ರಿ ಇಲ್ಲ, ಹೋಟೆಲಿನವ ಬೆಲ್ಲದ ಕನಸು ಕಂಡಾನ. ಕಾಶೀರಾಮ: ಗುಡಿಯಾನ ವರ ಏನ ಮಾಡ್ತಾನ? ಉಸ್ಮಾನ ಮಿಯಾ: ಮಾಸ್ತರಿಕಿ. ಕಾಶೀರಾಮ: ಹಂಗಾದ್ರ ನಿಮಗ ಇನ್ನ ಚಿಂತಿ ಇಲ್ಲ. ಉಸ್ಮಾನ ಮಿಯಾ: ಏನ ಚಿಂತಿ? ಗುಡಿಯಾನ ನಿಕಾ ಆದ ಮರುದಿನಾನ ಈ ದುಕಾನ ನಿಮಗ ಬಿಟ್ಟು ಕೊಡ್ತೇನಿ."

ಕಾಶೀರಾಮ ತೊಡೆ ತಟ್ಟಿದರು. "ಕೇಳಿದ್ರೇನು! ನಾ ಸುಳ್ಳ ಹೇಳೀನೇನು?"

ಉಸ್ಮಾನ ಮಿಯಾ ಹೊರಗೆ ನಿಂತವರ ಬೆನ್ನನ್ನು ನೋಡಿದರು. ಆ ನೋಟವನ್ನು ನಾನು ಮರೆಯಲಾರೆ. ಮೇಜಿನ ಮೇಲಿನ ಕೀಲಿಗೆ ಕೈ ಹಾಕಿದರು.

"ತಡೀರಿ, ಅಜ್ಜಾ. ಮಾತು ಮುಗದಿಲ್ರಿ," ಎಂದಳು ಸುಜಾತಾ. "ಬಿಟ್ಟು ಕೊಟ್ಟು, ಈ ಸತ್ತ ರೇಡಿಯೋ ಎಲ್ಲಾ ಒಯ್ದು, ಕಾರಂಜಾ ಡ್ಯಾಮಿನ ಕಟ್ಟಿ ಮ್ಯಾಲ ಕೂತು, ಮೀನಿಗಿ ಲಂಡನ್ ಸುದ್ದಿ ಕೇಳಸ್ತೇನಿ."

ನನಗೆ ನಗು ತಡೆಯಲಾಗಲಿಲ್ಲ. ಕಾಶೀರಾಮ ಬಿಡಲಿಲ್ಲ. "ಮೀನಿನ ಮಾತು ಚಾಷ್ಟಿ, ಒಪ್ತೇನಿ. ದುಕಾನದ ಮಾತು ಖರೆ."

"ಕಾಕಾ, ಮೀನು ಬರೂಕಿಂತ ಮೊದ್ಲೇ, ದುಕಾನದ ಮಾತಿಗೇ ನಗು ಬರದಾರ್ರಿ ಸರ್."

"ಆ ನಗು ಲಂಡನ್ ಮಂದೀದು! ರೇಡಿಯೋ ಹಚ್ಚೇ ಇತ್ತು."

"ಲಂಡನ್ ನಗೂಕ ಸರ್ ಸೊನ್ನಿ ಹಾಕ್ತಾರ್ರಿ, ಈಗ ಓದಿದ್ನಲ್ಲ. ಇಲ್ಲಿ ಬ್ರ್ಯಾಕೆಟ್ ಅದ. ಬ್ರ್ಯಾಕೆಟ್ ಒಳಗ ನಕ್ಕವರ ಹೆಸರು ಅದ."

"ಯಾರದು?"

"ನಿಮ್ಮದೇ ರೀ. 'ನಗು, ಕಾಶೀರಾಮ.' ಮೀನಿನ ಮಾತಿಗೂ ಇನ್ನೊಂದು ಸಲ."

ಕಾಶೀರಾಮ ಪುಸ್ತಕವನ್ನು ಕೈಗೆ ತೆಗೆದುಕೊಂಡು, ತಮಗೆ ಓದಲು ಬಾರದ ಆ ಕೊಕ್ಕೆಗಳನ್ನು ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ. ಮಾತಿನ ಅರ್ಧವನ್ನೇ ಒಂದು ವರ್ಷ ಹೊತ್ತು ತಿರುಗಿದ್ದರು, ಅಷ್ಟೇ.

"ನಕ್ಕಿರಬೇಕು ಹಂಗಾದ್ರ," ಎಂದರು ಕೊನೆಗೆ. "ನಕ್ಕ ಮ್ಯಾಲ ಕೀಲಿ ಕೇಳೂದು ಛಂದಲ್ಲ. ಸುಶೀಲಗ ಬ್ಯಾರೆ ಜಾಗಾ ನೋಡ್ತೇನಿ." ಪುಸ್ತಕ ನನ್ನ ಕೈಗಿಟ್ಟು ಎದ್ದರು. ಮೆಟ್ಟಿಲಿಳಿಯುವಾಗ ತಿರುಗಿ, "ಮಿಯಾ, ಇನ್ನ ಮ್ಯಾಲ ಚಾಷ್ಟಿ ಮಾಡೂಮುಂದ ಸ್ವಲ್ಪರೆ ಹಲ್ಲು ತೋರಸ್ರಿ," ಎಂದು ಹೇಳಿ ಹೋದರು.

ನಾಗಸೇನರು ಒಳಗೆ ಬಂದು ತಮ್ಮ ಎಡತುದಿಯಲ್ಲಿ ಕುಳಿತರು. ಉಸ್ಮಾನ ಮಿಯಾ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿಲ್ಲ, ಕೇಳಿಸಿಕೊಳ್ಳುವ ಅಭ್ಯಾಸ ಇವರಿಗಿಲ್ಲ. ಉಸ್ಮಾನ ಮಿಯಾ ಸುಜಾತಾಳನ್ನು ಕೇಳಿದರು:

"ಬೇಟಿ, ಆ ವಹಿಯಾಗ ಸ್ಟೆನೋ ಸಾಬರ ಹೆಸರಿನ ನಗು ಎಲ್ಲಿಯರೆ ಅದೇನು ನೋಡು."

ಸುಜಾತಾ ನನ್ನಿಂದ ಪುಸ್ತಕ ಪಡೆದು ಹಾಳೆ ತಿರುವಿದಳು. "ಅದ ಅಜ್ಜಾ. 'ನಗು, ಸ್ವತಃ' ಅಂತ ಬರದಾರ. ಗಾಳಿ ಉದಗೀರದಿಂದ ತರಸ್ಬೇಕು ಅಂದಲ್ಲಿ ಅದ. ಬೆಲ್ಲದ ಕನಸಿಗೂ ಅದ, ಆಗ ನಾ ಬರೇ ಮಾತು ಓದಿದ್ದೆ. ಈ ಹಾಳ್ಯಾಗ ಮೂರು."

"ಲಂಡನ್ ಮಾತಿಗೋ?"

"ಲಂಡನ್ನಿಗಿ ಒಂದೂ ಇಲ್ರಿ. ಎಲ್ಲಾ ನಿಮ್ಮ ಮಾತಿಗೇ."

ಉಸ್ಮಾನ ಮಿಯಾ ಕನ್ನಡಕ ಮೂಗಿಗೆ ಜಾರಿಸಿ ಗೆಳೆಯನ ಮುಖವನ್ನು ಪರೀಕ್ಷಿಸಿದರು. ಸುಟ್ಟುಹೋದ ಯಂತ್ರವನ್ನು ನೋಡುವ ನೋಟ ಅದು.

"ಇದು ಖೋಟಾ ರೆಕಾರ್ಡ, ಮಾಸ್ತರ್," ಎಂದರು ನನಗೆ. "ನಾ ಎದುರಿಗೇ ಕೂತಿರ್ತೇನಿ. ಇವರ ಹಲ್ಲು ಎಷ್ಟವ ಅಂತ ಇವತ್ತಿಗೂ ಗೊತ್ತಿಲ್ಲ ನನಗ."

"ಬರದದ್ದು ಬರದದ್ದು, ಮಿಯಾ," ಎಂದರು ನಾಗಸೇನರು.

ಈಗ ಮತ್ತೆ ಮೂರು ಗಂಟೆಗೆ ಲಂಡನ್ ಹಚ್ಚುತ್ತಾರೆ. ಆ ನಗುವ ಸಭಿಕರ ಮೇಲೆ ಉಸ್ಮಾನ ಮಿಯಾಗೆ ಇಂದಿಗೂ ನಂಬಿಕೆಯಿಲ್ಲ. ಮುರಿದ ಕುರ್ಚಿಯ ಸಭೆಯಲ್ಲಿ ನಗುವಂಥದ್ದೇನಿದೆ ಎಂದು ನಾಗಸೇನರಿಗೂ ತಿಳಿದಿಲ್ಲ. ಮೊನ್ನೆ ಒಬ್ಬರು ಹಳೆಯ ಮಿಕ್ಸರ್ ತಂದು, ಇದು ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರು.

"ಇದರ ಜಾತಕ ತಂದೀರೇನು?" ಎಂದು ಕೇಳಿ ಉಸ್ಮಾನ ಮಿಯಾ ತಟ್ಟನೆ ಬೆಂಚಿನತ್ತ ತಿರುಗಿದರು, ಹಿಡಿದೇಬಿಡುವೆನೆಂಬಂತೆ. ನಾನೂ ತಿರುಗಿದೆ. ನಾಗಸೇನರ ತುಟಿ ಕದಲಲಿಲ್ಲ. ಪೆನ್ಸಿಲು ಕಾಗದದ ಮೇಲೆ ಒಂದು ಕಂಸ ತೆರೆದು, ಏನೋ ಗೀಚಿ, ಮುಚ್ಚಿತು.